ರಫ್ತಿನಿಂದ ಉತ್ಪಾದಕತೆಯೋ, ಉತ್ಪಾದಕತೆಯಿಂದ ರಫ್ತೋ?

ಹೊರದೇಶಕ್ಕೆ ಮಾಲು ಕಳಿಸುವ ಕಾರ್ಖಾನೆಗಳು ಉಳಿದವಕ್ಕಿಂತ ದೊಡ್ಡವು, ಸಂಬಳ ಹೆಚ್ಚು ಕೊಡುತ್ತವೆ, ತಲಾ ಕಾರ್ಮಿಕನ ಉತ್ಪಾದನೆಯಲ್ಲೂ ಮುಂದು. ಅಮೆರಿಕದ ಕಾರ್ಖಾನೆವಾರು ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಬರ್ನಾರ್ಡ್ ಮತ್ತು ಬ್ರಾಡ್‌ಫೋರ್ಡ್ ಜೆನ್ಸನ್ 1995ರಲ್ಲಿ ಇದನ್ನು ತೋರಿಸಿದರು. ಹಾಗಾದರೆ ಎಲ್ಲರನ್ನೂ ರಫ್ತಿಗೆ ತಳ್ಳಿದರೆ ಆಯಿತಲ್ಲ ಎನಿಸುವುದು ಸಹಜ. ಆದರೆ ಅದೇ ಜೋಡಿ 1999ರಲ್ಲಿ ಹಿಂದಿನ ವರ್ಷಗಳ ಲೆಕ್ಕ ತಿರುವಿ ಹಾಕಿದಾಗ, ಆ ಕಾರ್ಖಾನೆಗಳು ರಫ್ತಿಗೆ ಇಳಿಯುವ ಮುಂಚೆಯೇ ಮುಂದಿದ್ದವು ಎಂಬುದು ಗೊತ್ತಾಯಿತು. ಕೊಲಂಬಿಯಾ, ಮೆಕ್ಸಿಕೊ, ಮೊರಾಕೊಗಳ ಕಾರ್ಖಾನೆಗಳ ಮೇಲಿನ 1998ರ ಅಧ್ಯಯನವೂ ಬಹುತೇಕ ಇದನ್ನೇ ಹೇಳಿತ್ತು. ಕಾರಣ ಸರಳ: ಹೊರಗಿನ ಗಿರಾಕಿ ಹುಡುಕಲು, ಪ್ರಮಾಣಪತ್ರ ಪಡೆಯಲು, ಸ್ಯಾಂಪಲ್ ಕಳಿಸಲು ಮೊದಲೇ ದುಡ್ಡು ಸುರಿಯಬೇಕು. ಆ ಖರ್ಚು ತಾಳಿಕೊಳ್ಳುವವನು ಮೊದಲೇ ಗಟ್ಟಿ ಕುಳ. 2003ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಕ್ ಮೆಲಿಟ್ಜ್ ಇದನ್ನು ಗಣಿತದ ಚೌಕಟ್ಟಿಗೆ ಕೂರಿಸಿದರು.

ವಾದ ಅಲ್ಲಿಗೆ ಮುಗಿಯಲಿಲ್ಲ. ತೈವಾನ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ 2000–2004ರ ಮಾಹಿತಿಯನ್ನು ಬೀ ಯಾನ್ ಆ, ಮಾರ್ಕ್ ರಾಬರ್ಟ್ಸ್ ಮತ್ತು ಡೇನಿಯಲ್ ಶು ಎಂಬ ಮೂವರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ರಫ್ತು, ಸಂಶೋಧನೆ ಎರಡನ್ನೂ ಮಾಡದವರಿಗೆ ಹೋಲಿಸಿದರೆ, ಹಿಂದಿನ ವರ್ಷ ಬರೀ ರಫ್ತು ಮಾಡಿದವರ ಉತ್ಪಾದಕತೆ ಸುಮಾರು ಶೇ 2, ಬರೀ ಸಂಶೋಧನೆಗೆ ಖರ್ಚು ಮಾಡಿದವರದು ಸುಮಾರು ಶೇ 4.8, ಎರಡನ್ನೂ ಮಾಡಿದವರದು ಸುಮಾರು ಶೇ 5.6 ಹೆಚ್ಚು. ಎರಡು ಮತ್ತು 4.8 ಕೂಡಿದರೆ 6.8 ಆಗಬೇಕಿತ್ತು, ಆಗಲಿಲ್ಲ. ಅಂದರೆ ಒಂದರ ಲಾಭ ಇನ್ನೊಂದರ ಮೇಲೆ ಪೂರ್ತಿಯಾಗಿ ಸೇರುವುದಿಲ್ಲ. ಆದರೂ ವಿದೇಶಿ ಮಾರುಕಟ್ಟೆ ಹಿಗ್ಗಿದರೆ ಸಂಶೋಧನೆಯ ಖರ್ಚು ಹೆಚ್ಚು ಪೀಸುಗಳ ಮೇಲೆ ಹಂಚಿಹೋಗುತ್ತದೆ, ಹಾಗಾಗಿ ಅದಕ್ಕೆ ಕೈಹಾಕುವವರೂ ಹೆಚ್ಚುತ್ತಾರೆ.

ರಫ್ತು ನಿಜಕ್ಕೂ ಕಲಿಸುತ್ತದೆಯೇ ಎಂಬುದಕ್ಕೆ ನನ್ನ ಮಟ್ಟಿಗೆ ಅತಿ ಗಟ್ಟಿ ಸಾಕ್ಷಿ ಬಂದದ್ದು ಈಜಿಪ್ಟಿನ ಫೌವಾ ಪಟ್ಟಣದ ಜಮಖಾನೆ ನೇಕಾರರಿಂದ. ಅಟ್ಕಿನ್, ಖಂಡೇಲ್‌ವಾಲ್, ಉಸ್ಮಾನ್ ಅವರು ಚೀಟಿ ಎತ್ತಿದ ಹಾಗೆ ಕೆಲವು ಸಣ್ಣ ಮಗ್ಗದವರಿಗೆ ಮಾತ್ರ ರಫ್ತು ಆರ್ಡರ್ ಸಿಗುವಂತೆ ಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆರ್ಡರ್ ಸಿಕ್ಕವರ ಲಾಭ ಶೇ 16ರಿಂದ 26ರಷ್ಟು ಏರಿತ್ತು. ಸ್ವಾರಸ್ಯವಿರುವುದು ಇಲ್ಲಿ: ಗಂಟೆಗೆ ನೇಯುವ ಅಳತೆ ಮಾತ್ರ ಕುಸಿದಿತ್ತು! ಒತ್ತಾಗಿ ನೇಯಬೇಕು, ಮೂಲೆ ನೇರ ಬರಬೇಕು, ಅಂಚು ಅಲೆಅಲೆಯಾಗಬಾರದು ಎಂದರೆ ಸಮಯ ಹಿಡಿಯುತ್ತದೆ. ಬರೀ ಪ್ರಮಾಣ ಎಣಿಸಿದ್ದರೆ ರಫ್ತಿನಿಂದ ನಷ್ಟ ಎಂದೇ ಬರೆಯಬೇಕಿತ್ತು. ಕೊನೆಗೆ ಎಲ್ಲರಿಗೂ ಒಂದೇ ನೂಲು, ಒಂದೇ ಮಗ್ಗ ಕೊಟ್ಟು ಒಂದೇ ನಮೂನೆಯ ಜಮಖಾನೆ ನೇಯಿಸಿದಾಗ ರಫ್ತಿನವರದೇ ಮೇಲುಗೈ. ಆರ್ಡರ್ ತಂದುಕೊಟ್ಟ ಮಧ್ಯವರ್ತಿ ಯಾವ ದೋಷದ ಬಗ್ಗೆ ಮಾತಾಡಿದ್ದನೋ, ಸುಧಾರಣೆಯೂ ಅಲ್ಲೇ ಹೆಚ್ಚು.

ಪೀಣ್ಯದಂಥ ಕಡೆ ಬಿಡಿಭಾಗ ಮಾಡುವ ವರ್ಕ್‌ಶಾಪಿಗೆ ಈ ‘ಮಾತು’ ಕಾಗದದ ರೂಪದಲ್ಲಿ ಬರುತ್ತದೆ: ಪಿಪಿಎಪಿ ಕಡತ (ಬಿಡಿಭಾಗಕ್ಕೆ ಗಿರಾಕಿಯ ಒಪ್ಪಿಗೆ ಪಡೆಯಲು ಕೊಡುವ ದಾಖಲೆಗಳು), ಸಿಎಂಎಂ ಎಂಬ ಸೂಕ್ಷ್ಮ ಅಳತೆ ಯಂತ್ರದ ವರದಿ, ಸಿಪಿಕೆ (ಪೀಸುಗಳ ಅಳತೆ ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರುತ್ತದೆ ಎಂದು ಹೇಳುವ ಸಂಖ್ಯೆ) ಕನಿಷ್ಠ 1.33 ಇರಬೇಕೆಂಬ ಷರತ್ತು. ಸಿಪಿಕೆ 0.9 ಬಂದರೆ ಟೂಲ್ ಸವೆತವೋ, ಪೀಸು ಹಿಡಿದಿಡುವ ಫಿಕ್ಸ್‌ಚರ್ ಸಡಿಲವೋ, ಅಳೆಯುವ ಗೇಜೇ ತಪ್ಪೋ ಎಂದು ಹುಡುಕುವ ಆಳು ಬೇಕು. ಅವನಿಲ್ಲದ ಕಡೆ ನೂರಕ್ಕೆ ನೂರು ಪೀಸು ತಪಾಸಣೆ ಮಾಡಿ, ಕೆಟ್ಟದ್ದನ್ನು ಆರಿಸಿ ಎಸೆದು ಆರ್ಡರ್ ಪೂರೈಸುತ್ತಾರೆ. ರಫ್ತು ಆಯಿತು, ಕಲಿಕೆ ಆಗಲಿಲ್ಲ. ಲೆಕ್ಕದಲ್ಲಿ ಇದೂ ಮರೆಯಾಗಬಹುದು: ಉತ್ಪಾದಕತೆಯನ್ನು ರೂಪಾಯಿ ವಹಿವಾಟಿನಲ್ಲಿ ಅಳೆದರೆ, ಡಾಲರ್ ಏರಿದ ವರ್ಷ ಯಂತ್ರ, ಆಳು ಏನೂ ಬದಲಾಗದೆ ಕಾರ್ಖಾನೆ ‘ಸುಧಾರಿಸಿ’ಬಿಡುತ್ತದೆ.

ನಮ್ಮ ತೆರಿಗೆ ನೀತಿ ಸಂಶೋಧನೆಯ ಕಡೆ ಕೈ ಬಿಗಿ ಮಾಡುತ್ತ ಬಂದಿದೆ. ಆದಾಯ ತೆರಿಗೆ ಕಾಯ್ದೆ 1961ರ ಕಲಂ 35(2ಎಬಿ) ಅಡಿ ಕಂಪನಿಯೊಳಗಿನ ಅನುಮೋದಿತ ಸಂಶೋಧನಾ ಖರ್ಚಿಗೆ ಶೇ 200 ಕಡಿತ ಸಿಗುತ್ತಿತ್ತು, ಅಂದರೆ ನೂರು ರೂಪಾಯಿ ಖರ್ಚಿಗೆ ತೆರಿಗೆ ಬೀಳುವ ಆದಾಯದಿಂದ ಇನ್ನೂರು ಕಳೆಯಬಹುದಿತ್ತು. 2017ರ ಏಪ್ರಿಲ್‌ನಿಂದ ಅದು 150ಕ್ಕೆ, 2020ರ ಏಪ್ರಿಲ್‌ನಿಂದ 100ಕ್ಕೆ ಇಳಿಯಿತು. ಶೇ 22ರ ಹೊಸ ಆದಾಯ ತೆರಿಗೆ ದರ ಆರಿಸಿಕೊಂಡ ಕಂಪನಿ ಆ ಕಲಮನ್ನೇ ಬಿಟ್ಟುಕೊಡಬೇಕಾಯಿತು. ರಫ್ತು ಮಾಲಿನ ಮೇಲೆ ಬಿದ್ದ ತೆರಿಗೆ, ಸುಂಕ ಹಿಂದಿರುಗಿಸಲು 2021ರಲ್ಲಿ ಬಂದ ರೊಡ್‌ಟೆಪ್ ಯೋಜನೆಯಲ್ಲಿ ಮರುಪಾವತಿ ಸಾಮಾನ್ಯವಾಗಿ ಸಾಗಿಸಿದ ಮಾಲಿನ ಬೆಲೆಯ ಶೇಕಡಾವಾರು ಲೆಕ್ಕದಲ್ಲಿದೆ. ಪೀಸುಗಳನ್ನು ಆರಿಸಿ ಎಸೆದವನಿಗೂ ಫಿಕ್ಸ್‌ಚರ್ ಸರಿಪಡಿಸಿದವನಿಗೂ ದರ ಒಂದೇ.