ಬಿಪಿ ಇರುವವರ ಮನೆಯ ಉಪ್ಪಿನ ಲೆಕ್ಕ

ರಕ್ತದೊತ್ತಡಕ್ಕೆ ಮಾತ್ರೆ ಬರೆದು "ಉಪ್ಪು ಕಡಿಮೆ ಮಾಡಿ" ಎಂದಾಗ ನನ್ನೆದುರು ಕುಳಿತವರಲ್ಲಿ ಹೆಚ್ಚಿನವರು ಕೊಡುವ ಉತ್ತರ ಒಂದೇ: "ಮೇಲಿನಿಂದ ಹಾಕಿಕೊಳ್ಳುವುದೇ ಇಲ್ಲ ಡಾಕ್ಟರೇ." ಅವರ ಮಾತು ನಿಜವೇ. ಆದರೆ ನಮ್ಮ ಮನೆಗಳಲ್ಲಿ ಹೊಟ್ಟೆ ಸೇರುವ ಉಪ್ಪಿನ ಬಹುಪಾಲು ಒಲೆಯ ಮೇಲಿರುವಾಗಲೇ ಹುಳಿಗೆ, ಸಾರಿಗೆ, ಪಲ್ಯಕ್ಕೆ ಬಿದ್ದಿರುತ್ತದೆ. ಎಲೆಯ ತುದಿಗೆ ಬಡಿಸುವ ಚಿಟಿಕೆ ಉಪ್ಪನ್ನು ಬಿಟ್ಟವರು ತಾವು ಪಥ್ಯದಲ್ಲಿದ್ದೇವೆ ಎಂದು ನಂಬಿರುತ್ತಾರೆ. ಬಿಪಿ ಮಾತ್ರ ಇದ್ದಲ್ಲೇ ಇರುತ್ತದೆ.

ಆದ್ದರಿಂದ ನಾನು ಕೇಳುವ ಪ್ರಶ್ನೆಯೇ ಬೇರೆ. ಮನೆಯಲ್ಲಿ ಊಟಕ್ಕೆ ಎಷ್ಟು ಜನ? ಒಂದು ಕೆಜಿ ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಹೆಚ್ಚೆಂದರೆ ಸಮತಟ್ಟಾದ ಒಂದು ಟೀ ಚಮಚ. ನಾಲ್ವರು ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ ಎಂದಾಯಿತು. ಆ ಲೆಕ್ಕದಲ್ಲಿ ಒಂದು ಕೆಜಿ 50 ದಿನ ಬರಬೇಕು. ತಿಂಗಳಿಗೊಂದು ಪೊಟ್ಟಣ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ದಾಟಿತು. 25 ದಿನಕ್ಕೇ ಮುಗಿದರೆ 10 ಗ್ರಾಂ. ತರಕಾರಿ ತೊಳೆಯಲು ಬಳಸಿದ್ದನ್ನು, ಉಪ್ಪಿನಕಾಯಿ ಹಾಕಿದ್ದನ್ನು ಇದರಲ್ಲಿ ಕಳೆಯಬೇಕು, ಹೋಟೆಲು, ಬೇಕರಿ, ಅಂಗಡಿಯ ಹಪ್ಪಳದಿಂದ ಬಂದದ್ದನ್ನು ಕೂಡಬೇಕು. ಲೆಕ್ಕ ಕರಾರುವಾಕ್ಕಾಗಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಪೊಟ್ಟಣ ಕತ್ತರಿಸಿದ ದಿನ ಅದರ ಮೇಲೆ ತಾರೀಖು ಬರೆದಿಟ್ಟರೆ, ಮನೆ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು ಮನೆಯವರಿಗೇ ಕಾಣುತ್ತದೆ. ಖರ್ಚಿಲ್ಲದ ಇಂಥ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ.

ಎರಡನೆಯ ಪ್ರಶ್ನೆ, ಅಡುಗೆ ಯಾರು ಮಾಡುತ್ತಾರೆ ಎಂಬುದು. ಕುರ್ಚಿಯಲ್ಲಿ ಕುಳಿತು ತಲೆಯಾಡಿಸುವ ಯಜಮಾನರು ಎಷ್ಟೋ ಮನೆಗಳಲ್ಲಿ ಉಪ್ಪಿನ ಡಬ್ಬಿ ಮುಟ್ಟಿರುವುದೇ ಇಲ್ಲ. ಡಬ್ಬಿಯ ಯಜಮಾನಿಕೆ ಇರುವವರು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕಾಯುತ್ತಿರುತ್ತಾರೆ. ಅವರನ್ನು ಒಳಗೆ ಕರೆಯದೆ ಪಥ್ಯ ಹೇಳುವುದು ನಿರರ್ಥಕ. ಮಗ, ಸೊಸೆ, ಅಡುಗೆಗೆ ಬರುವವರು, ಯಾರೇ ಆಗಲಿ, ಮಾತು ಅವರೊಂದಿಗೆ ನಡೆಯಬೇಕು.

ಅವರು ಸಾಮಾನ್ಯವಾಗಿ ಮುಂದಿಡುವ ದಾರಿಯೆಂದರೆ ಮಾವನಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು. ಇದನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಎಲ್ಲರೂ ಘಮಘಮಿಸುವ ಹುಳಿ ಕಲಸಿಕೊಳ್ಳುವಾಗ ತನ್ನೊಬ್ಬನ ತಟ್ಟೆಯಲ್ಲಿ ಸಪ್ಪೆ ನೀರು ಕಂಡ ಹಿರಿಯರಿಗೆ ಅದು ಚಿಕಿತ್ಸೆಯೆನಿಸದು, ಶಿಕ್ಷೆಯೆನಿಸುತ್ತದೆ. ಕೆಲವೇ ದಿನಗಳಲ್ಲಿ ಉಪ್ಪಿನಕಾಯಿ ಜಾಡಿ ಅವರ ಪಕ್ಕಕ್ಕೆ ಬರುತ್ತದೆ, ಇಲ್ಲವೇ ಸಂಜೆ ವಾಕಿಂಗ್ ಬೇಕರಿಯ ಖಾರಾ ಬನ್ನಿನಲ್ಲಿ ಮುಗಿಯುತ್ತದೆ. ಎರಡೆರಡು ಅಡುಗೆ ಮಾಡುವವರಿಗೂ ಅದು ಹೊರೆ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದ ಮೂವರಿಗೂ ಅಷ್ಟು ಉಪ್ಪು ಬೇಕಿರಲಿಲ್ಲ. ಬಿಪಿ ಇರುವವರ ಮಕ್ಕಳಿಗೆ ಮುಂದೆ ಬಿಪಿ ಬರುವ ಸಾಧ್ಯತೆ ಹೇಗೂ ಹೆಚ್ಚು.

ಇಳಿಸುವುದಾದರೆ ಇಡೀ ಮನೆಯ ಪಾತ್ರೆಯಲ್ಲಿ, ಅದೂ ಯಾರಿಗೂ ಗೊತ್ತಾಗದಷ್ಟು ಇಳಿಸಬೇಕು. ಕೈಯಳತೆ ಬಿಟ್ಟು ಡಬ್ಬಿಯಲ್ಲಿ ಒಂದು ಚಿಕ್ಕ ಚಮಚ ಇಡಿ. ಕಲ್ಲುಪ್ಪಿಗೆ ಒಗ್ಗಿದ ಕೈಗೆ ಇದು ಇನ್ನೂ ಅಗತ್ಯ: ಹರಳುಗಳ ನಡುವೆ ಜಾಗವಿರುವುದರಿಂದ ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿ ಉಪ್ಪಿಗಿಂತ ತೂಕದಲ್ಲಿ ಕಡಿಮೆ. ಅದೇ ಅಳತೆಯಲ್ಲಿ ಪುಡಿ ಉಪ್ಪು ಹಾಕತೊಡಗಿದ ಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಉಪ್ಪು ಏರಿರುತ್ತದೆ. ಈಗ ಬೀಳುತ್ತಿರುವುದರಲ್ಲಿ ಹತ್ತನೇ ಒಂದು ಭಾಗ ತೆಗೆಯಿರಿ. ಎರಡು ಮೂರು ವಾರ ಹಾಗೇ ಬಿಡಿ, ಮತ್ತೊಂದಿಷ್ಟು ತೆಗೆಯಿರಿ. ನಾಲಿಗೆ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕು. ಹೊಂದಿಕೊಂಡ ಮೇಲೆ ಹಳೆಯ ಉಪ್ಪಿನ ಅಡುಗೆಯೇ ಅವರಿಗೆ ಕಟುವಾಗಿ ತೋರುತ್ತದೆ. ಒಂದೇ ದಿನ ಅರ್ಧಕ್ಕಿಳಿಸಿದ ಮನೆಗಳಲ್ಲಿ ಆ ಅರ್ಧ ಅದೇ ವಾರ ಮರಳಿ ಬರುವುದನ್ನು ನೋಡಿದ್ದೇನೆ.

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಳಿ ಚುರುಕಾಗಿದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಇಳಿಸಿದ ಮೇಲೆ ನಿಂಬೆರಸ, ಜೀರಿಗೆ–ಮೆಣಸು, ಕೊತ್ತಂಬರಿ, ಇಂಗಿನ ಒಗ್ಗರಣೆ ನೆರವಿಗೆ ಬರುತ್ತವೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಮುನ್ನ ಹಾಕಿ. ಮೇಲ್ಮೈಯಲ್ಲಿರುವ ಉಪ್ಪು ಸ್ವಲ್ಪವಿದ್ದರೂ ನಾಲಿಗೆಗೆ ತಿಳಿಯುತ್ತದೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವ ರೂಢಿಯಿದ್ದರೆ ಅಲ್ಲಿಂದ ಆರಂಭಿಸುವುದು ಸುಲಭ. ಜೊತೆಗೆ ಸಾರು ಇದ್ದೇ ಇರುತ್ತದೆ, ಕೊರತೆ ತಿಳಿಯುವುದಿಲ್ಲ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ನಾಲ್ಕೂ ದಿನವೂ ಬೇಡ, ಹಬ್ಬಕ್ಕಿರಲಿ. ಬಿಸ್ಕತ್ತು ಮತ್ತು ಬ್ರೆಡ್ ನಾಲಿಗೆಗೆ ಉಪ್ಪೆನಿಸದಿದ್ದರೂ ಉಪ್ಪಿನಲ್ಲಿ ಬಿಪಿ ಏರಿಸುವ ಅಂಶವಾದ ಸೋಡಿಯಂ ಅವುಗಳಲ್ಲಿ ಇದೆ, ಅಡುಗೆ ಸೋಡಾದಲ್ಲೂ ಇದೆ. ಪೊಟ್ಟಣದ ಮೇಲೆ ಬರೆದಿರುವ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ: 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಸೈಂಧವ ಲವಣಕ್ಕೆ ಬದಲಾಯಿಸಿದೆವು ಎನ್ನುವವರಿಗೂ ಒಂದು ಮಾತು: ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ, ಬಿಪಿಯ ಮಟ್ಟಿಗೆ ವ್ಯತ್ಯಾಸವಿಲ್ಲ.

ಇಷ್ಟು ಮಾಡಿದರೆ ಸಿಗುವುದೆಷ್ಟು? ದಿನಕ್ಕೆ 4–5 ಗ್ರಾಂ ಇಳಿಸಿದರೆ ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿಯುತ್ತದೆ. ಒಬ್ಬರ ಚೀಟಿಯಲ್ಲಿ ಅದು ಸಣ್ಣ ಸಂಖ್ಯೆ. ಆದರೆ ಚೀನಾದ 600 ಹಳ್ಳಿಗಳ ಸುಮಾರು 21,000 ಜನರನ್ನು ಐದು ವರ್ಷ ಗಮನಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿ. ಅವರೆಲ್ಲ ಹಿಂದೆ ಪಾರ್ಶ್ವವಾಯು ಆಗಿದ್ದವರು ಅಥವಾ ಬಿಪಿ ಇದ್ದ ಹಿರಿಯರು. ಅರ್ಧದಷ್ಟು ಹಳ್ಳಿಗಳಲ್ಲಿ ಸಾಮಾನ್ಯ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಅಡುಗೆಯ ಕ್ರಮವನ್ನು ಯಾರೂ ಬದಲಿಸಬೇಕಾಗಲಿಲ್ಲ. ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು.

ಅಂಥ ಉಪ್ಪು ನಮ್ಮ ಅಂಗಡಿಗಳಲ್ಲೂ ಕಡಿಮೆ ಸೋಡಿಯಂ ಉಪ್ಪು ಎಂಬ ಹೆಸರಿನಲ್ಲಿ ಸಿಗುತ್ತದೆ. ಆದರೆ ವೈದ್ಯರನ್ನು ಕೇಳದೆ ತರಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರಿಗೂ ಆ ಅಪಾಯವಿದೆ. ಬಿಪಿ ಇರುವ ಅನೇಕರು ನುಂಗುವುದು ಇಂಥ ಮಾತ್ರೆಗಳನ್ನೇ.

ಇನ್ನೊಂದು ಎಚ್ಚರಿಕೆ, ಅತಿಯಾಗಿ ಶ್ರದ್ಧೆ ತೋರುವವರಿಗೆ. ಕಡಿಮೆ ಮಾಡಿ ಎಂದರೆ ಪೂರ್ತಿ ಬಿಟ್ಟುಬಿಡುವ ಹಿರಿಯರಿದ್ದಾರೆ. ಮೂತ್ರ ಹೆಚ್ಚಿಸುವ ಮಾತ್ರೆ ಬೇರೆ ನುಂಗುತ್ತಿದ್ದು, ಊಟವೂ ಅಷ್ಟಕ್ಕಷ್ಟೇ ಆಗಿದ್ದರೆ ರಕ್ತದ ಸೋಡಿಯಂ ಕುಸಿದು ಸುಸ್ತು, ಮಂಕು, ತೊದಲುವ ಮಾತು ಕಾಣಿಸಿಕೊಳ್ಳುತ್ತವೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಿದ್ದುಬಿಡುತ್ತಾರೆ. ಹಾಗೆ ಕಂಡ ದಿನವೇ ಆಸ್ಪತ್ರೆಗೆ ಕರೆತಂದು ರಕ್ತಪರೀಕ್ಷೆ ಮಾಡಿಸಿ. ವಾಂತಿ ಭೇದಿಯಾದಾಗಲೂ ಉಪ್ಪಿನ ಪಥ್ಯದ ನೆಪದಲ್ಲಿ ಒಆರ್‌ಎಸ್ ತಡೆಯಬಾರದು. ಉಪ್ಪು ಇಳಿದು ಬಿಪಿ ಚೆನ್ನಾಗಿ ಬಂದ ತಿಂಗಳು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮನೆಯಲ್ಲಿ ಐದು ನಿಮಿಷ ಕುಳಿತು ವಿಶ್ರಮಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆದ ಅಂಕಿಗಳನ್ನು ಒಂದು ವಾರ ಬರೆದು ತನ್ನಿ. ಮಾತ್ರೆ ತಗ್ಗಿಸಬಹುದೇ ಎಂಬುದನ್ನು ಆ ಹಾಳೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.