ಜಲಪಾತದ ಗುಂಡಿ ಬಲಿ ಕೇಳುವುದಿಲ್ಲ

ದಸರಾ ರಜೆ ಬಂತೆಂದರೆ ಬೆಂಗಳೂರಿನವರು ಗುಂಪು ಗುಂಪಾಗಿ ಶಿವನಸಮುದ್ರ, ಚುಂಚಿ ಕಡೆ ಹೊರಡುತ್ತಾರೆ. ಹೊರಡಲೇಬೇಕು. ಮಳೆ ಹಿಂದೆ ಸರಿದಿರುತ್ತದೆ, ಹೊಳೆಯಲ್ಲಿ ನೀರು ಇನ್ನೂ ಇರುತ್ತದೆ. ಭರಚುಕ್ಕಿಯಲ್ಲಿ ಕಾವೇರಿ ಬಂಡೆಯ ಅಗಲಕ್ಕೂ ಹರಡಿ ಬೀಳುವುದನ್ನು ನೋಡಲು ಒಳ್ಳೆ ಕಾಲ.

ಜಲಪಾತ ಯಾವುದೇ ಇರಲಿ, ಅಲ್ಲೊಂದು ಮಾತು ಕಿವಿಗೆ ಬೀಳುತ್ತದೆ: "ಈ ಗುಂಡಿ ವರ್ಷಕ್ಕೊಂದು ಬಲಿ ತಗೊಳ್ಳುತ್ತೆ." ಈಜು ಬಲ್ಲವರೇ ಮುಳುಗುತ್ತಾರಲ್ಲ, ಜನ ನಂಬುತ್ತಾರೆ. ನನಗೆ ಸಂಕಟವಾಗುತ್ತದೆ. ಕಾರಣ ಕಣ್ಣೆದುರೇ ಬೆಳ್ಳಗೆ ಕಾಣುತ್ತಿದೆ.

ಗುಂಡಿಯ ನೊರೆಗೆ ಆ ಬಿಳುಪು ಬರುವುದು ಗಾಳಿಯಿಂದ. 20 ಮೀಟರ್ ಮೇಲಿಂದ ಬಿದ್ದ ನೀರು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಗುಂಡಿಗೆ ನುಗ್ಗುತ್ತದೆ. ಜೊತೆಗೆ ಗಾಳಿಯನ್ನೂ ಒಳಗೆ ಎಳೆದೊಯ್ಯುತ್ತದೆ. ಎಣಿಸಲಾಗದಷ್ಟು ಸಣ್ಣ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ, ಅದಕ್ಕೇ ನೊರೆ ಬಿಳಿ.

ನಮ್ಮ ಮೈಯ ಸಾಂದ್ರತೆ ನೀರಿನದಕ್ಕೆ ತೀರಾ ಹತ್ತಿರ. ಎದೆ ತುಂಬ ಉಸಿರೆಳೆದರೂ ತೇಲುವುದು ಅಷ್ಟಕ್ಕಷ್ಟೇ. ನೀರಲ್ಲಿ ಹತ್ತನೇ ಒಂದು ಪಾಲು ಗಾಳಿ ಬೆರೆತರೆ ಅದು ನಮ್ಮನ್ನು ಎತ್ತಿಹಿಡಿಯುವ ಬಲವೂ ಹತ್ತನೇ ಒಂದು ಪಾಲು ತಗ್ಗುತ್ತದೆ. 60 ಕಿಲೋ ತೂಕದವರಿಗೆ ಸುಮಾರು 6 ಕಿಲೋ ಭಾರ ಏರಿದ ಲೆಕ್ಕ. ಅಕ್ಕಿ ಮೂಟೆಯ ಮೇಲೆ ನಿಲ್ಲಬಹುದು, ಕಡಲೆಪುರಿ ಮೂಟೆಯ ಮೇಲೆ ನಿಂತರೆ ಕಾಲು ಹೂತುಹೋಗುತ್ತದೆ ಅಲ್ವಾ, ಹಾಗೆ. ಕೈ ಎಷ್ಟು ಬೀಸಿದರೂ ತಳ್ಳಲು ಗಟ್ಟಿ ನೀರೇ ಸಿಗುವುದಿಲ್ಲ.

ಇನ್ನೊಂದಿದೆ. ತಳಕ್ಕೆ ಹೋದ ನೀರು ಸ್ವಲ್ಪ ಆಚೆ ಮೇಲೆದ್ದು, ಅದರಲ್ಲೊಂದು ಪಾಲು ಧಾರೆಯ ಕಡೆಗೇ ವಾಪಸ್ ಹರಿಯುತ್ತದೆ. ಗುಂಡಿಯಲ್ಲಿ ಸಿಕ್ಕಿದ ಒಣ ಕೊಂಬೆಯನ್ನು ದಡದಿಂದ ಸುಮ್ನೆ ನೋಡುತ್ತಾ ನಿಲ್ಲಿ. ಧಾರೆಯ ಬುಡಕ್ಕೆ ಹೋಗುತ್ತದೆ, ಮುಳುಗುತ್ತದೆ, ಆಚೆ ಏಳುತ್ತದೆ, ಮತ್ತೆ ಬುಡಕ್ಕೇ ಬರುತ್ತದೆ. ಈಜುಗಾರನ ಪಾಡೂ ಅದೇ.

ಇದೇ ಶಿವನಸಮುದ್ರದಲ್ಲಿ ನೀರು ಬೀಳುವ ಬಲವನ್ನು ಲೆಕ್ಕ ಹಾಕಿ, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂತು. ಅಂಥ ಊರಿನವರು ಇವತ್ತಿಗೂ ಬಲಿಯ ಮಾತಾಡಬೇಕೆ?

ಬೋರ್ಡಿನಲ್ಲಿ ಬರೀ 'ಅಪಾಯ' ಅಂದರೆ ಹುಡುಗರು ಕೇಳುವುದಿಲ್ಲ. 'ಈ ನೊರೆಯಲ್ಲಿ ಮೈ ತೇಲದು' ಅಂತ ಬರೆಯಲಿ. ಯಾರಾದರೂ ಸಿಕ್ಕಿಕೊಂಡರೆ ಹಿಂದೆಯೇ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನಿಗೆ ಹಗ್ಗ ಕಟ್ಟಿ ದಡದಿಂದ ಎಸೆಯಿರಿ. 20 ಲೀಟರಿನ ಕ್ಯಾನು ಅಂಥ ನೊರೆಯಲ್ಲೂ 15 ಕಿಲೋಗಿಂತ ಜಾಸ್ತಿ ಎತ್ತಿಹಿಡಿಯುತ್ತದೆ.