ಮೇಲೆ 20 ಡಿಗ್ರಿ, ಕೆಳಗೆ 5: ತಣ್ಣನೆಯ ಸರೋವರದಲ್ಲಿ ಡೈವ್ ಮಾಡುವುದು ಹೇಗೆ?

ಪ್ರಶ್ನೆ: ನಾನು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಕಲಿತೆ. ಈಗ ಟೊರಾಂಟೊದಲ್ಲಿದ್ದೇನೆ. ಆಗಸ್ಟ್‌ನಲ್ಲಿ ಗೆಳೆಯರೆಲ್ಲ ಹ್ಯೂರಾನ್ ಸರೋವರದ ದಡದ ಟೋಬರ್‌ಮರಿಗೆ ಡೈವ್ ಮಾಡಲು ಹೊರಟಿದ್ದಾರೆ. ಮೇಲಿನ ನೀರು ಹಿತವಾಗಿದ್ದರೂ ಸ್ವಲ್ಪ ಕೆಳಗಿಳಿದರೆ ಒಮ್ಮೆಲೇ ಕೊರೆಯುತ್ತದಂತೆ. ಯಾಕೆ ಹೀಗೆ? ನನ್ನ 5 ಎಂಎಂ ವೆಟ್‌ಸೂಟ್ ಸಾಕಾಗುತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಸಾಕಾಗುವುದಿಲ್ಲ. ಟೋಬರ್‌ಮರಿ ಬಂದರಿನ ಒಳಗೇ ಸುಮಾರು 6 ಮೀಟರ್ ಆಳದಲ್ಲಿ ಸ್ವೀಪ್‌ಸ್ಟೇಕ್ಸ್ ಎಂಬ ಹಾಯಿಹಡಗು ಇದೆ, 1885ರಲ್ಲಿ ಮುಳುಗಿದ್ದು. ಅದನ್ನು ನೋಡಿ ಬರುವುದಾದರೆ, ಬೆಚ್ಚನೆಯ ದಿನ, ಹುಡ್ ಮತ್ತು ಗ್ಲೌಸ್ ಸೇರಿಸಿಕೊಂಡು ನಿಮ್ಮ ಸೂಟ್‌ನಲ್ಲೇ ಹೋಗಿಬರಬಹುದು. ಆದರೆ ಗೆಳೆಯರು ಅರೇಬಿಯಾ ಹಡಗಿನ ಮಾತೆತ್ತಿದರೆ ಈ ಸಲ ಬೇಡ ಅನ್ನಿ. ಅದು ಇರುವುದು 30 ಮೀಟರ್‌ಗಿಂತ ಕೆಳಗೆ. ಅಲ್ಲಿ ಆಗಸ್ಟ್‌ನಲ್ಲೂ ನೀರು 4-5 ಡಿಗ್ರಿ.

ಯಾಕೆ ಹೀಗೆ ಅಂದರೆ, ನೀರು ಅತಿ ಭಾರವಾಗುವುದು ಸುಮಾರು 4 ಡಿಗ್ರಿಯಲ್ಲಿ. ಬೇಸಿಗೆಯ ಬಿಸಿಲು ಮೇಲಿನ ನೀರನ್ನು ಮಾತ್ರ ಕಾಯಿಸುತ್ತದೆ. ಬಿಸಿಯಾದ ನೀರು ಹಗುರ, ಮೇಲೆಯೇ ತೇಲುತ್ತದೆ. ಚಳಿಗಾಲದ ತಣ್ಣನೆಯ ಭಾರದ ನೀರು ತಳದಲ್ಲೇ ಉಳಿಯುತ್ತದೆ. ಎರಡರ ನಡುವಿನ ತೆಳು ಪದರದಲ್ಲಿ ಉಷ್ಣತೆ ಸರ್ರನೆ ಇಳಿಯುತ್ತದೆ. ಇದೇ ಥರ್ಮೋಕ್ಲೈನ್. ಕೆಲವೊಮ್ಮೆ ಇದು ಕಣ್ಣಿಗೂ ಕಾಣುತ್ತದೆ: ಮಧ್ಯಾಹ್ನದ ಟಾರು ರಸ್ತೆಯ ಮೇಲಿನ ಗಾಳಿಯಂತೆ ನೀರು ಅಲುಗಾಡುತ್ತಿರುತ್ತದೆ. ಕೈ ಚಾಚಿದರೆ ಬೆರಳ ತುದಿಗೆ ಚಳಿ, ಮೊಣಕೈಗೆ ಬೆಚ್ಚಗೆ.

ಇದು ಒಂದೇ ಆಳದಲ್ಲಿ ಇರುವುದಿಲ್ಲ ಅನ್ನುವುದನ್ನು ಹೊಸಬರು ಮರೆತುಬಿಡುತ್ತಾರೆ. ಜೋರು ಗಾಳಿ ಬೆಚ್ಚನೆಯ ನೀರನ್ನು ದಡದಿಂದ ಆಚೆ ತಳ್ಳಿದರೆ ತಳದ ನೀರು ಮೇಲಕ್ಕೆ ಬರುತ್ತದೆ. ಆಗ ನಿನ್ನೆ 19 ಡಿಗ್ರಿ ಇದ್ದ ಕಡೆ ಇವತ್ತು 9 ಇದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಹೋದ ವಾರದ ಲೆಕ್ಕ ನಂಬಬೇಡಿ. ಅದೇ ಬೆಳಿಗ್ಗೆ ಇಳಿದು ಬಂದವರ ಡೈವ್ ಕಂಪ್ಯೂಟರ್ ತಳದಲ್ಲಿ ಎಷ್ಟು ತೋರಿಸಿತು ಅಂತ ಕೇಳಿ. ಆ ಅಂಕಿಗೆ ತಕ್ಕಂತೆ ಸೂಟ್ ಹಾಕಿ. ಮೇಲಿನ ನೀರು ನೋಡಿ ಸೂಟ್ ಆರಿಸುವುದೇ ಇಲ್ಲಿನ ಮುಖ್ಯ ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ವೆಟ್‌ಸೂಟ್‌ಗೆ ಇನ್ನೊಂದು ತೊಂದರೆ ಇದೆ. ಸೂಟ್‌ನ ನಿಯೋಪ್ರೀನ್ ರಬ್ಬರ್ ಒಳಗಿನ ಸಣ್ಣ ಗಾಳಿಗುಳ್ಳೆಗಳೇ ನಮ್ಮನ್ನು ಬೆಚ್ಚಗಿಡುವುದು. 30 ಮೀಟರ್‌ನಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗಿ ಸೂಟ್ ತೆಳುವಾಗುತ್ತದೆ, ಅದೂ ಚಳಿ ಅತಿ ಜಾಸ್ತಿ ಇರುವ ಕಡೆಯಲ್ಲೇ! ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. ಅದಕ್ಕೇ 10 ಡಿಗ್ರಿಗಿಂತ ಕೆಳಗಿನ ನೀರಿಗೆ ಡ್ರೈಸೂಟ್ (ನೀರು ಒಳಗೆ ಬಾರದ, ಗಾಳಿ ತುಂಬುವ ಸೂಟ್), ಒಳಗೆ ದಪ್ಪ ಬಟ್ಟೆ. ಆದರೆ ಬಾಡಿಗೆಗೆ ತಂದು ಸುಮ್ನೆ ಹಾಕಿಕೊಂಡು ಇಳಿಯುವ ವಸ್ತು ಅಲ್ಲ ಅದು. ಸೂಟ್ ಒಳಗಿನ ಗಾಳಿ ಕಾಲಿನ ಕಡೆ ಓಡಿದರೆ ತಲೆಕೆಳಗಾಗಿ ಮೇಲಕ್ಕೆ ಚಿಮ್ಮುವ ಅಪಾಯವಿದೆ. ಕೋರ್ಸ್ ಮಾಡಿ, ಆಳವಿಲ್ಲದ ಕಡೆ ಚೆನ್ನಾಗಿ ಅಭ್ಯಾಸ ಮಾಡಿ.

ಇನ್ನು ಇಳಿಯುವ ಕ್ಷಣ. ತಣ್ಣೀರು ಒಮ್ಮೆಲೇ ಮುಖಕ್ಕೆ, ಕುತ್ತಿಗೆಗೆ ತಾಗಿದಾಗ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಏದುಸಿರು ಶುರು. ಇದು ಹೆದರಿಕೆಯಲ್ಲ, ದೇಹದ ಸಹಜ ಪ್ರತಿಕ್ರಿಯೆ. ಒಂದೆರಡು ನಿಮಿಷದಲ್ಲಿ ತಗ್ಗುತ್ತದೆ. ಆದ್ದರಿಂದ ನೀರಿಗಿಳಿಯುವ ಮೊದಲೇ ಮುಖಕ್ಕೆ ನೀರು ಚಿಮುಕಿಸಿಕೊಳ್ಳಿ. ಹಗ್ಗ ಹಿಡಿದು ನಿಧಾನ ಇಳಿಯಿರಿ. ಥರ್ಮೋಕ್ಲೈನ್ ಸಿಕ್ಕಿದ ಕೂಡಲೇ ನಿಲ್ಲಿ. ಉದ್ದಕ್ಕೆ ಉಸಿರು ಬಿಡಿ, ನಿಮ್ಮ ಬಡ್ಡಿಯ (ಜೊತೆಗೆ ಇಳಿದ ಡೈವರ್‌ನ) ಕಣ್ಣು ನೋಡಿ. ಉಸಿರು ಹದಕ್ಕೆ ಬಂದ ಮೇಲಷ್ಟೇ ಮುಂದಕ್ಕೆ. ಹುಡ್ ಸಡಿಲವಿದ್ದು ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ತಲೆ ಗಿರ್ರನೆ ತಿರುಗಬಹುದು. ಹಗ್ಗ ಬಿಡದೆ ಕಾದರೆ ಸರಿಹೋಗುತ್ತದೆ.

ಇಷ್ಟರಲ್ಲಿ ಗೇಜ್ ನೋಡಿದರೆ ಗಾಳಿ ಎಲ್ಲಿ ಹೋಯ್ತು ಅನ್ನಿಸೀತು. ಸೋರಿಕೆ ಇರಬೇಕೆಂದಿಲ್ಲ. 20 ಡಿಗ್ರಿಯಲ್ಲಿ 200 ಬಾರ್ ಒತ್ತಡ ತೋರಿಸಿದ ಸಿಲಿಂಡರ್ 4 ಡಿಗ್ರಿಗೆ ತಣ್ಣಗಾದರೆ ಸುಮಾರು 190ಕ್ಕೆ ಇಳಿಯುತ್ತದೆ. ಚಳಿಗೆ ನೀವು ಉಸಿರಾಡುವುದೂ ಜಾಸ್ತಿ. ಎರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನನಗೆ ಜಾಸ್ತಿ ಆತಂಕ ಇರುವುದು ರೆಗ್ಯುಲೇಟರ್ ಬಗ್ಗೆ, ಅಂದರೆ ಸಿಲಿಂಡರ್‌ನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನದ ಬಗ್ಗೆ. ಸಿಲಿಂಡರ್‌ನ ಗಾಳಿ ಫಸ್ಟ್ ಸ್ಟೇಜ್‌ನಲ್ಲಿ (ರೆಗ್ಯುಲೇಟರ್‌ನ ಸಿಲಿಂಡರ್‌ಗೆ ಜೋಡಿಸುವ ಭಾಗದಲ್ಲಿ) ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಸುತ್ತಲ ನೀರೂ 4 ಡಿಗ್ರಿ ಇದ್ದರೆ ಅಲ್ಲಿ ಮಂಜುಗಟ್ಟಿ ವಾಲ್ವ್ ತೆರೆದಂತೆಯೇ ಸಿಕ್ಕಿಹಾಕಿಕೊಳ್ಳಬಹುದು. ಆಗ ಗಾಳಿ ಭೋರ್ಗರೆದು ಹೊರಬಂದು ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿ. ನೇತ್ರಾಣಿಯ 28 ಡಿಗ್ರಿ ನೀರಿನಲ್ಲಿ ಈ ಯೋಚನೆಯೇ ಬರುವುದಿಲ್ಲ, ಅಲ್ವಾ? ನಿಮ್ಮ ರೆಗ್ಯುಲೇಟರ್ ಮೇಲೆ ಇಎನ್ 250 (ರೆಗ್ಯುಲೇಟರ್‌ಗಳ ಯುರೋಪಿಯನ್ ಮಾನದಂಡ) ಗುರುತಿನ ಜೊತೆ ">10°" ಅಂತ ಇದ್ದರೆ ಅದು ತಣ್ಣೀರಿಗಲ್ಲ. ಸೀಲ್ ಮಾಡಿದ ತಣ್ಣೀರಿನ ರೆಗ್ಯುಲೇಟರ್ ಬಾಡಿಗೆಗೆ ಕೇಳಿ ಪಡೆಯಿರಿ. ಉಸಿರೆಳೆಯುವಾಗಲೇ ಇನ್‌ಫ್ಲೇಟರ್ (ಜಾಕೆಟ್‌ಗೆ, ಸೂಟ್‌ಗೆ ಗಾಳಿ ತುಂಬುವ ಗುಂಡಿ) ಒತ್ತಬೇಡಿ. ಒತ್ತುವಾಗಲೂ ಚೂರು ಚೂರೇ. ಆದರೂ ಗಾಳಿ ನಿಲ್ಲದೆ ಹರಿಯತೊಡಗಿದರೆ ತುಟಿ ಪೂರ್ತಿ ಮುಚ್ಚದೆ ಬೇಕಾದಷ್ಟೇ ಗಾಳಿ ಎಳೆದುಕೊಳ್ಳುತ್ತಾ ಬಡ್ಡಿಯ ಜೊತೆ ಮೇಲಕ್ಕೆ ಹೊರಡಿ. ಇದನ್ನು ಈಜುಕೊಳದಲ್ಲೇ ಅಭ್ಯಾಸ ಮಾಡಿ.

ಯಾವಾಗ ವಾಪಸಾಗಬೇಕು? ನಡುಕ ಶುರುವಾಗುವವರೆಗೆ ಕಾಯಬೇಡಿ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡುತ್ತಿರಿ. ತಾಗಿಸಲು ಕಷ್ಟವಾಯಿತೋ, ಕೈ ಮರಗಟ್ಟುತ್ತಿದೆ ಅಂತ ಅರ್ಥ. ವಾಲ್ವ್, ಬಕಲ್ ಯಾವುದೂ ಇನ್ನು ನಿಮ್ಮ ಮಾತು ಕೇಳುವುದಿಲ್ಲ. ಡೈವ್ ಮುಗಿಸಿ.

ಮೇಲೆ ಬರುವಾಗ ಮಾತ್ರ ಬೇಸಿಗೆಯ ಸರೋವರ ನಮ್ಮ ಪರ. 5 ಮೀಟರ್‌ನ ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ಕೆಲ ನಿಮಿಷ ನಿಲ್ಲುವುದು) ಸಾಮಾನ್ಯವಾಗಿ ಬೆಚ್ಚನೆಯ ಪದರದಲ್ಲೇ ಬೀಳುತ್ತದೆ. ಅಮೆರಿಕದ ನೌಕಾಪಡೆ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಳದಲ್ಲಿ ಬೆಚ್ಚಗಿದ್ದು ಏರುವಾಗ ಚಳಿಗೆ ಸಿಕ್ಕವರಿಗೆ ಡಿಕಂಪ್ರೆಶನ್ ಕಾಯಿಲೆಯ (ಮೇಲೇರುವಾಗ ಮೈಯಲ್ಲಿ ನೈಟ್ರೋಜನ್ ಗುಳ್ಳೆಗಟ್ಟುವ ತೊಂದರೆಯ) ಅಪಾಯ ಬಹಳ ಜಾಸ್ತಿ ಕಂಡಿತು. ಚಳಿಗೆ ಚರ್ಮದ ರಕ್ತನಾಳ ಕುಗ್ಗಿದರೆ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಬರುವುದು ನಿಧಾನ. ಹಾಗಾಗಿ ಆ ಬೆಚ್ಚನೆಯ ಪದರದಲ್ಲಿ ಅವಸರ ಮಾಡದೆ ಇನ್ನೊಂದೆರಡು ನಿಮಿಷ ಇರಿ. ಗಾಳಿ ಬೀಸಿ ತಣ್ಣೀರು ಮೇಲೆ ಬಂದ ದಿನ ಈ ಅನುಕೂಲ ಇರುವುದಿಲ್ಲ, ಆವತ್ತು ತಳದ ಸಮಯವನ್ನೇ ಕಡಿಮೆ ಮಾಡಿ.

ದೋಣಿಗೆ ಹತ್ತಿದ ಕೂಡಲೇ ಒದ್ದೆ ಸೂಟ್ ಬಿಚ್ಚಿ, ಉಣ್ಣೆ ಟೋಪಿ ಹಾಕಿ, ಬಿಸಿ ಚಹಾ ಕುಡಿಯಿರಿ. ತಣ್ಣೀರಿನಲ್ಲಿ ಮೂತ್ರ ಜಾಸ್ತಿ ಹೋಗಿ ಮೈ ಒಣಗಿರುತ್ತದೆ, ನೀರೂ ಕುಡಿಯಿರಿ. ತಕ್ಷಣ ಸುಡುನೀರಿನ ಸ್ನಾನ ಬೇಡ. ಎರಡನೇ ಡೈವ್‌ನ ಹೊತ್ತಿಗೆ ಕೈಕಾಲು ಪೂರ್ತಿ ಬೆಚ್ಚಗಾಗದಿದ್ದರೆ ಅದನ್ನು ಬಿಡಿ.